ಮರುಭೂಮಿಯಲ್ಲಿ ಮಿಸ್ಟರ್ ಹುಣಸೂರು

ಹಕ್ಕಿಗಳಿಗೆ ರಹದಾರಿ ಬೇಕಿಲ್ಲ. ಮಂಗೋಲಿಯದ ಸರೋವರಗಳು ಹೆಪ್ಪುಗಟ್ಟುವ ಕಾಲಕ್ಕೆ ಅಲ್ಲಿನ ಪಟ್ಟೆತಲೆ ಹೆಬ್ಬಾತುಗಳು ರೆಕ್ಕೆ ಬಿಚ್ಚಿ, ಹಿಮಾಲಯವನ್ನೇ ಹಾರಿ ದಾಟಿ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬಂದಿಳಿಯುತ್ತವೆ. ಮಾಗಿಯನ್ನು ಅಲ್ಲಿ ಸುಖವಾಗಿ ಕಳೆದು, ರೈತರ ಗದ್ದೆ ಹೊಲಗಳಲ್ಲಿ ಅವರ ಅಪ್ಪಣೆ ಕೇಳದೆ ಮೇದು, ಬಿಸಿಲೇರುವ ಹೊತ್ತಿಗೆ ಹಿಂತಿರುಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮಂಗೋಲಿಯದಲ್ಲಿ ಕೊರಳಿಗೊಂದು ಪಟ್ಟಿ ಕಟ್ಟಿ ಗುರುತು ಬರೆದಿರುವುದುಂಟು. ದುರ್ಬೀನಿನಲ್ಲಿ ಅದನ್ನು ಓದಿದ ಪಕ್ಷಿಪ್ರೇಮಿಗಳು ಹಕ್ಕಿ ಎಲ್ಲಿಂದ ಬಂದಿತೆಂದು ತಿಳಿದು ಸಂತೋಷಪಡುತ್ತಾರೆ. ಹಕ್ಕಿಗೆ ಮಾತ್ರ ತನ್ನ ಕೊರಳಲ್ಲಿ ಏನು ಬರೆದಿದೆಯೆಂಬುದು ಗೊತ್ತಿಲ್ಲ.

ಹುಣಸೂರು ಸೀಮೆಯ ಮನುಷ್ಯರಿಗೂ ಮಾಗಿಯ ವಲಸೆ ಹೊಸ ಸಂಗತಿಯಲ್ಲ. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, ಅನಂತರ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನೆಲೆ ಕಂಡ ಟಿಬೆಟನ್ನರು ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಕಟ್ಟಿಕೊಂಡು ದೂರದ ನಗರಗಳಿಗೆ ವ್ಯಾಪಾರಕ್ಕೆ ಹೋಗುವುದು ರೂಢಿಯಾಯಿತು. ಹೆಗ್ಗಡದೇವನಕೋಟೆಯ ಕಡೆಯಿಂದ ಕಾಫಿ ಹಣ್ಣು ಬಿಡಿಸಲು ಕೊಡಗಿನ ತೋಟಗಳಿಗೆ ಹೋಗುವ ಕೂಲಿಗಾರರೂ ಇದೇ ಕಾಲದಲ್ಲಿ ಹೊರಡುತ್ತಾರೆ. ಈ ಸಾಲಿಗೆ ಈಚಿನ ವರ್ಷಗಳಲ್ಲಿ ಸೇರಿದ ಹೊಸ ಜಾತಿಯ ವಲಸೆಹಕ್ಕಿಯೆಂದರೆ ಪಿಂಚಣಿದಾರರು. ಮಗನೋ ಮಗಳೋ ಅಮೆರಿಕದಲ್ಲಿರುವ ಪ್ರತಿಯೊಬ್ಬ ನಿವೃತ್ತ ತಂದೆತಾಯಿಗಳಿಗೂ ಈ ಹಾರಾಟ ತಪ್ಪಿದ್ದಲ್ಲ. ವೀಸಾ ಹತ್ತು ವರ್ಷದ್ದಾದರೂ ಒಂದು ಸಲ ಹೋದರೆ ಆರು ತಿಂಗಳಿಗಿಂತ ಹೆಚ್ಚು ನಿಲ್ಲಲು ಸಾಮಾನ್ಯವಾಗಿ ಅನುಮತಿ ಇಲ್ಲವಾದ್ದರಿಂದ, ಇವರ ವಲಸೆಯೂ ಹಕ್ಕಿಗಳ ವಲಸೆಯಂತೆಯೇ ಋತುಮಾನದ್ದು.

ಅಂಥವರಲ್ಲಿ ಒಬ್ಬರು ಹುಣಸೂರಿನ ನಿವೃತ್ತ ಮುಖ್ಯೋಪಾಧ್ಯಾಯರು. ಊರಿಗೆಲ್ಲ ಅವರು ಬರಿಯ ‘ಮೇಷ್ಟ್ರು’. ಅವರ ಸಹಧರ್ಮಿಣಿ ‘ಮೇಷ್ಟ್ರಮ್ಮ’. ಮಗ ಇಂಜಿನಿಯರು. ಅರಿಜೋನ ರಾಜ್ಯದ ಫೀನಿಕ್ಸ್ ನಗರದ ಪಕ್ಕದ ಗಿಲ್ಬರ್ಟ್ ಎಂಬ ಊರಿನಲ್ಲಿ ಅವನ ಮನೆ. ಅದು ಶುದ್ಧ ಮರುಭೂಮಿ. 2023ರ ಬೇಸಿಗೆಯಲ್ಲಿ ಫೀನಿಕ್ಸಿನ ತಾಪ ಸತತವಾಗಿ 31 ದಿನ 43 ಡಿಗ್ರಿಯನ್ನು ಮೀರಿತ್ತು. ಆದುದರಿಂದ ಮಗ, “ಅಪ್ಪಾ, ಬರುವುದಾದರೆ ಚಳಿಗಾಲದಲ್ಲಿಯೇ ಬನ್ನಿ” ಎಂದು ಕಟ್ಟಪ್ಪಣೆ ಮಾಡಿದ. ಆ ವರ್ಷದ ನವೆಂಬರಿನಲ್ಲಿ ದಂಪತಿಗಳು ಹೊರಟರು.

ಬೇರೆಯವರೂ ಆ ಮರುಭೂಮಿಗೆ ಚಳಿಗಾಲದಲ್ಲಿಯೇ ಬರುತ್ತಾರೆ. ಕೆನಡಾದಿಂದಲೂ ಅಮೆರಿಕದ ಉತ್ತರದ ರಾಜ್ಯಗಳಿಂದಲೂ ಹಿಮಕ್ಕೆ ಹೆದರಿ ಇಲ್ಲಿಗೆ ಬಂದು ಬಿಸಿಲು ಕಾಯಿಸುವ ಮುದುಕರಿಗೆ ಅಲ್ಲಿಯವರು ‘ಸ್ನೋಬರ್ಡ್’, ಎಂದರೆ ಹಿಮದ ಹಕ್ಕಿ, ಎಂದು ಅಡ್ಡಹೆಸರಿಟ್ಟಿದ್ದಾರೆ. ಡೆಲ್ ವೆಬ್ ಎಂಬ ಗುತ್ತಿಗೆದಾರ ಫೀನಿಕ್ಸಿನ ಹೊರವಲಯದಲ್ಲಿ 1960ರ ಜನವರಿ 1ರಂದು ‘ಸನ್ ಸಿಟಿ’ ಎಂಬ ಮುದುಕರ ಊರನ್ನೇ ತೆರೆದಾಗ, ಮೊದಲ ವಾರಾಂತ್ಯದಲ್ಲೇ ಸುಮಾರು ಒಂದು ಲಕ್ಷ ಮಂದಿ ನೋಡಲು ಬಂದಿದ್ದರಂತೆ. ಮಿನ್ನೆಸೋಟದ ಮುದುಕ ಮರುಭೂಮಿಗೆ ಓಡಿಬರುವುದರಲ್ಲಿ ಅರ್ಥವಿದೆ. ಅವನ ಊರಿನಲ್ಲಿ ಶೀತ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಹುಣಸೂರಿನ ಮೇಷ್ಟರು ಬಿಟ್ಟುಹೋದದ್ದಾದರೋ ಎಂಥ ಮಾಗಿಯನ್ನು! ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬರುವ ಕಾಲ, ಹರಾಜುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೆಲೆಯ ಮೇಲೆ ಊರೆಲ್ಲ ಚರ್ಚೆ ನಡೆಸುವ ಕಾಲ, ಸಂಕ್ರಾಂತಿಯ ಸುತ್ತಿನಲ್ಲಿ ಚುಂಚನಕಟ್ಟೆಯ ದನದ ಜಾತ್ರೆ ಸೇರಿ ರಾಮದೇವರ ತೇರು ಎಳೆಯುವ ಕಾಲ.

ಮೇಷ್ಟರು ಪ್ರಯಾಣಕ್ಕೆ ಮುಂಚೆ ವಿಧಿವತ್ತಾಗಿ ಸಿದ್ಧತೆ ಮಾಡಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಗ್ರಂಥವನ್ನು ಎರಡು ಸಲ ಓದಿದರು. ಮೇಷ್ಟ್ರಮ್ಮನವರ ಸಿದ್ಧತೆ ಬೇರೆ ಬಗೆಯದು. ಸಾರಿನ ಪುಡಿ, ಹುಳಿಪುಡಿ, ಹುರಿಹಿಟ್ಟುಗಳ ನಡುವೆ, ಮೊಮ್ಮಗನಿಗೆಂದು ಎರಡು ಸೇರು ಹಸಿ ಅವರೆಕಾಯಿಯನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಒಂದು ಗಿಡ್ಡ ನಾಯಿ ಬಂದು ಆ ಪೆಟ್ಟಿಗೆಯ ಮುಂದೆ ಭಕ್ತಿಯಿಂದ ಕುಳಿತುಬಿಟ್ಟಿತು. ಅಧಿಕಾರಿ ಸೀರೆ ಬಿಚ್ಚಿದ, ಸೊಗಡು ಹರಡಿತು. ಹಸಿ ಕಾಯಿಪಲ್ಯ ತರುವುದು ನಿಷಿದ್ಧವೆಂದು ಕಾಯಿಗಳನ್ನು ಕಸದ ಡಬ್ಬಿಗೆ ಸುರಿದ. “ಹಾಳು ನಾಯಿಗೂ ಗೊತ್ತಾಯಿತಲ್ಲ ರೀ, ಅದು ಹುಣಸೂರಿನ ಅವರೆ ಅಂತ!” ಎಂದು ಮೇಷ್ಟ್ರಮ್ಮ ನಷ್ಟದಲ್ಲೂ ಒಂದಿಷ್ಟು ಹೆಮ್ಮೆಪಟ್ಟರು.

ಇನ್ನೊಂದು ಅಪಾಯ ಮೇಷ್ಟರ ಹೆಸರಿಗೇ ಒದಗಿತು. ಈ ಸೀಮೆಯಲ್ಲಿ ಹೆಸರಿನ ಹಿಂದೆ ಊರಿನ ಮೊದಲಕ್ಷರವನ್ನು ಹಚ್ಚಿಕೊಳ್ಳುವುದು ವಾಡಿಕೆಯಷ್ಟೆ. ರಹದಾರಿ ಬರೆಯುವಾಗ ಆ ಅಕ್ಷರವನ್ನು ಬಿಡಿಸಿ ಬರೆಯಬೇಕು. ಹಾಗೆ ಬರೆದ ‘ಹುಣಸೂರು’ ಕುಲನಾಮದ ಜಾಗದಲ್ಲಿ ಹೋಗಿ ಕುಳಿತದ್ದರಿಂದ, ಅಮೆರಿಕದ ನೆಲದ ಮೇಲೆ ಕಾಲಿಟ್ಟ ಕ್ಷಣದಿಂದ ಅವರು ಮಿಸ್ಟರ್ ಹುಣಸೂರು ಆದರು. ಊರಿನ ಹೆಸರನ್ನು ಚಿತ್ರರಂಗದಲ್ಲಿ ಮೆರೆಸಿದವರು ಹುಣಸೂರು ಕೃಷ್ಣಮೂರ್ತಿಯವರು. ಅದನ್ನು ಮರುಭೂಮಿಗೆ ಹೊತ್ತವರು ಈ ಮೇಷ್ಟರು. ಹುಣಸೂರಿನಲ್ಲಿ ಯಾರೂ ಯಾರನ್ನೂ ಹುಣಸೂರೆಂದು ಕರೆಯುವುದಿಲ್ಲ. ಊರು ಬಿಟ್ಟು ಹೋದವನ ಕೊರಳಿಗೇ ಊರಿನ ಹೆಸರು ಬೀಳುವುದು. ಹದಿನಾರು ಕೆರೆಯ ಹೆಬ್ಬಾತಿಗೆ ಬಿದ್ದಂತೆ.

ಗಿಲ್ಬರ್ಟಿನಲ್ಲಿ ಊರಿನ ಬಚ್ಚಲ ನೀರನ್ನೆಲ್ಲ ಶುದ್ಧಮಾಡಿ ಕೊಳಗಳಿಗೆ ಬಿಟ್ಟು ನೆಲಕ್ಕೆ ಇಂಗಿಸುತ್ತಾರೆ. ಆ ಕೊಳಗಳಿಗೆ ಉತ್ತರದ ಬಾತುಗಳು ಬಂದು ಇಳಿಯುತ್ತವೆ. ದಂಡೆಯ ಬೆಂಚುಗಳ ಮೇಲೆ ಉತ್ತರದ ಮುದುಕರು ಬಂದು ಕೂರುತ್ತಾರೆ. ಬೆಳಗಿನ ವಾಯುಸಂಚಾರಕ್ಕೆ ಅಲ್ಲಿಗೆ ಹೋದ ಮೇಷ್ಟರಿಗೆ ಮಿನ್ನೆಸೋಟದ ಒಬ್ಬ ನಿವೃತ್ತ ರೈತನ ಪರಿಚಯವಾಯಿತು. ಮಡದಿಯನ್ನು ಕಳೆದುಕೊಂಡ ಆತ ಮೋಟಾರು-ಮನೆಯನ್ನು ತಾನೇ ಓಡಿಸಿಕೊಂಡು ಬಂದು, ಪಕ್ಕದ ಮೆಸಾ ಊರಿನ ಬಿಡಾರದಲ್ಲಿ ಇಳಿದಿದ್ದ. ಮೇಷ್ಟರು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ವ್ಯಾಕರಣಶುದ್ಧವಾದ ಇಂಗ್ಲಿಷಿನಲ್ಲಿ ಕುಶಲಪ್ರಶ್ನೆ ಮಾಡಿದರು. ಆತ ಎರಡು ಸಲ “ಏನೆಂದಿರಿ?” ಎಂದು ಕೇಳಿ, ಮೂರನೆಯ ಸಲ ಕಾಫಿ ತಂದುಕೊಟ್ಟ. ಗೊಬ್ಬರ, ಮಳೆ, ಸಾಲ, ಬೆಲೆಕುಸಿತ ಎಂಬ ನಾಲ್ಕು ವಿಷಯಗಳಿಗೆ ಬಂದಾಗ ಇಬ್ಬರಿಗೂ ಭಾಷೆಯ ತೊಡಕು ತಾನಾಗಿ ನಿವಾರಣೆಯಾಯಿತು. ಹೊಗೆಸೊಪ್ಪು ಅಮೆರಿಕ ಖಂಡದಿಂದಲೇ ಹೊರಟು ಹುಣಸೂರು ತಲುಪಿದ ಗಿಡವೆಂದು ತಿಳಿಸಿ ಮೇಷ್ಟರು ಆತನಿಂದ ಕ್ಷಮಾಪಣೆಯನ್ನೂ ಪಡೆದರು.

ಮೇಷ್ಟ್ರಮ್ಮನವರಿಗೆ ಇಂಗ್ಲಿಷಿನ ಗೊಡವೆಯೇ ಇರಲಿಲ್ಲ. ಮೆಕ್ಸಿಕನ್ನರ ಅಂಗಡಿಯೊಂದರಲ್ಲಿ ಬುಟ್ಟಿಯ ತುಂಬ ಹುಣಸೆಹಣ್ಣನ್ನು ಕಂಡು, ಅಂಗಡಿಯಾಕೆ ಅದಕ್ಕೆ ‘ತಮರಿಂದೊ’ ಎಂದಾಗ, “ಹೆಸರು ಏನಾದರೂ ಇರಲಿ ತಾಯಿ, ಹುಳಿ ಇದ್ದರೆ ಸರಿ” ಎಂದು ಕನ್ನಡದಲ್ಲೇ ಉತ್ತರಿಸಿದರು. ಒಬ್ಬಾಕೆ ಸ್ಪ್ಯಾನಿಷ್, ಇನ್ನೊಬ್ಬಾಕೆ ಕನ್ನಡ. ಮೆಣಸಿನಕಾಯಿಯ ಖಾರವನ್ನು ಕುರಿತು ಅರ್ಧಗಂಟೆ ಸಂಭಾಷಣೆ ನಡೆಯಿತು. ಇಬ್ಬರೂ ಒಂದು ಮಾತನ್ನೂ ಬಿಡದೆ ಅರ್ಥಮಾಡಿಕೊಂಡರೆಂದು ಜೊತೆಗೆ ಹೋಗಿದ್ದ ಸೊಸೆ ಸಾಕ್ಷಿ ಹೇಳಿದಳು.

ಆ ಕಡೆಯ ಬೀದಿಗಳಲ್ಲಿ ಅಲಂಕಾರಕ್ಕಾಗಿ ಕಿತ್ತಳೆಯ ಮರಗಳನ್ನು ನೆಟ್ಟಿರುತ್ತಾರೆ. ಚಿನ್ನದ ಬಣ್ಣದ ಹಣ್ಣುಗಳು ಯಾರೂ ಮುಟ್ಟದೆ ತೂಗುತ್ತಿರುವುದನ್ನು ಕಂಡು, “ಈ ದೇಶದವರು ಎಷ್ಟು ಪ್ರಾಮಾಣಿಕರು ನೋಡು!” ಎಂದು ಮೇಷ್ಟರು ಮೊಮ್ಮಗನಿಗೆ ನೀತಿಪಾಠ ಹೇಳಿ, ಕೆಳಗೆ ಬಿದ್ದಿದ್ದ ಒಂದು ಹಣ್ಣನ್ನು ಸುಲಿದು ಬಾಯಿಗೆ ಹಾಕಿಕೊಂಡರು. ಮರುಕ್ಷಣವೇ ಆ ಪ್ರಾಮಾಣಿಕತೆಯ ಕಾರಣ ನಾಲಿಗೆಗೆ ತಿಳಿಯಿತು. ಅದು ಕಹಿ ಹುಳಿಗಳೆರಡೂ ಬೆರೆತ ಜಾತಿ. ಮೇಷ್ಟ್ರಮ್ಮ ಮಾತ್ರ ಅದನ್ನು ಮೂಸಿ ನೋಡಿ, “ಇದು ಹೇರಳೆಕಾಯಿಯ ಅಣ್ಣತಮ್ಮ ಅಲ್ಲವೇ?” ಎಂದು ಒಂದು ಚೀಲ ತುಂಬಿಸಿದರು. ಮಾರನೆಯ ದಿನ ಚಿತ್ರಾನ್ನ, ವಾರದೊಳಗೆ ಉಪ್ಪಿನಕಾಯಿ. ಮಿನ್ನೆಸೋಟದ ರೈತ ಉಪ್ಪಿನಕಾಯಿಯನ್ನು ಒಂದು ಚಮಚ ತುಂಬ ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದು ಚಮಚ ಕೇಳಿದ.

ಮರುಭೂಮಿಯ ಬಿಸಿಲನ್ನು ವ್ಯರ್ಥವಾಗಿ ಬಿಡುವುದು ಮೇಷ್ಟ್ರಮ್ಮನವರ ಮನಸ್ಸಿಗೆ ಒಪ್ಪಲಿಲ್ಲ. ಹುಣಸೂರಿನಲ್ಲಿ ಸಂಡಿಗೆಗೆ ಶಿವರಾತ್ರಿ ಕಳೆಯಬೇಕು. ಇಲ್ಲಿ ಜನವರಿಯಲ್ಲೇ ಗಾಳಿ ಒಣಗಿ ಗರಿಗರಿಯಾಗಿದೆ. ಮನೆಯ ಮುಂದೆ ಮೇಷ್ಟರ ಹಳೆಯ ಪಂಚೆಯನ್ನು ಹಾಸಿ ಸಬ್ಬಕ್ಕಿ ಸಂಡಿಗೆ ಇಟ್ಟರು. ಕಾವಲಿಗೆ ಮೇಷ್ಟರನ್ನು ಕೂರಿಸಿದರು. ಉದ್ದ ಬಾಲದ ಕರಿಯ ಹಕ್ಕಿಗಳು ಒಂದೊಂದಾಗಿ ಬಂದು ನೋಡಿ, ಸಭೆ ಸೇರಿಸಿ, ಮೇಷ್ಟರು ತೂಕಡಿಸಿದ ಹದಿನೈದು ನಿಮಿಷದಲ್ಲಿ ಅರ್ಧ ಪಂಚೆಯನ್ನು ಖಾಲಿಮಾಡಿದವು. ಉಳಿದ ಅರ್ಧಕ್ಕೆ ಬಡಾವಣೆಯ ಮನೆಯೊಡೆಯರ ಸಂಘದಿಂದ ಮೂರನೆಯ ದಿನ ಪತ್ರ ಬಂತು. ಮನೆಯ ಮುಂದೆ ಬಟ್ಟೆ ಹಾಸಿ ‘ಗುರುತಿಸಲಾಗದ ಬಿಳಿಯ ವಸ್ತು’ ಹರಡುವುದು ನಿಯಮಬಾಹಿರವೆಂದು ಅದರಲ್ಲಿತ್ತು. ಮಗನ ಮುಖ ಪೆಚ್ಚಾಯಿತು. “ಗುರುತು ಸಿಗದಿದ್ದರೆ ಒಂದು ಕರಿದು ಕಳಿಸು” ಎಂದರು ತಾಯಿ.

ಎಲ್ಲಕ್ಕಿಂತ ಹೆಚ್ಚಿನ ಗೊಂದಲ ಕಾಲದ್ದು. ಅರಿಜೋನದ ಗಡಿಯಾರ ಹುಣಸೂರಿನದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದು. ಮೇಷ್ಟರು ಎರಡು ಗಡಿಯಾರಗಳನ್ನಿಟ್ಟುಕೊಂಡು ದಿನವೂ ಲೆಕ್ಕಹಾಕಿದರು. ಮೇಷ್ಟ್ರಮ್ಮ ತಮ್ಮ ಕೈಗಡಿಯಾರದ ಮುಳ್ಳನ್ನು ಮುಟ್ಟಲೇ ಇಲ್ಲ. “ಹನ್ನೆರಡು ಗಂಟೆ ಅಂದರೆ ಮುಳ್ಳು ಒಂದು ಸುತ್ತು ಬಂದು ಅಲ್ಲಿಗೇ ನಿಲ್ಲುತ್ತದೆ. ಉಳಿದದ್ದು ಅರ್ಧ ಗಂಟೆ, ಕಳೆದುಕೊಂಡರೆ ಆಯಿತು” ಎಂಬುದು ಅವರ ಗಣಿತ. ತೊಡಕಾದದ್ದು ಏಕಾದಶಿಯಂದು. ಪಂಚಾಂಗ ಮೈಸೂರಿನದು, ಹೊಟ್ಟೆ ಅರಿಜೋನದ್ದು. ಯಾವ ದಿನ ಉಪವಾಸ? ಹುಣಸೂರಿನ ಏಕಾದಶಿಯೇ ನಿಜವಾದ ಏಕಾದಶಿಯೆಂದು ಆಕೆ ತೀರ್ಮಾನಿಸಿದರು. ಆದರೆ ಹುಣಸೂರಿನ ಹಗಲೆಂದರೆ ಇಲ್ಲಿಯ ರಾತ್ರಿ. ಹೀಗಾಗಿ ಉಪವಾಸದ ಬಹುಭಾಗ ನಿದ್ರೆಯಲ್ಲೇ ಕಳೆಯಿತು. ಇಷ್ಟು ಸುಲಭವಾದ ಪುಣ್ಯವನ್ನು ಯಾವ ಋಷಿಯೂ ಕಂಡುಹಿಡಿದಿರಲಿಲ್ಲವೆಂದು ಮೇಷ್ಟರು ಹೊಗಳಿದಾಗ, ಅವರಿಗೂ ಆ ದಿನ ರಾತ್ರಿಯ ಊಟ ತಪ್ಪಿತು.

ಜನವರಿಯ ಕೊನೆಯಲ್ಲಿ ಆ ರೈತ ದಂಪತಿಗಳನ್ನು ಕ್ವಾರ್ಟ್‌ಸೈಟ್ ಎಂಬ ಊರಿಗೆ ಕರೆದುಕೊಂಡು ಹೋದ. ಫೀನಿಕ್ಸಿನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರು. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಆ ಪುಟ್ಟ ಊರಿಗೆ ಚಳಿಗಾಲದಲ್ಲಿ ಲಕ್ಷಾಂತರ ಮಂದಿ ಬರುತ್ತಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಬಯಲಿನಲ್ಲಿ ಪರವಾನಗಿ ಪಡೆದು ಮೋಟಾರು-ಮನೆಗಳನ್ನು ನಿಲ್ಲಿಸಿಕೊಂಡು ಇರುತ್ತಾರೆ. ಕಲ್ಲು, ಹರಳು, ಹಳೆಯ ಸಾಮಾನುಗಳ ಸಂತೆ ನಡೆಯುತ್ತದೆ. ಮೇಷ್ಟರು ಇಳಿದು ಸುತ್ತ ನೋಡಿದವರೇ, “ಇದು ಚುಂಚನಕಟ್ಟೆ ಜಾತ್ರೆಯೇ ಸರಿ!” ಎಂದು ಉದ್ಗರಿಸಿದರು. ಜಾತ್ರೆಯಲ್ಲಿ ರೈತರು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವಂತೆ, ಇಲ್ಲಿಯ ಮುದುಕರು ಒಬ್ಬರ ಗಾಡಿಯನ್ನು ಇನ್ನೊಬ್ಬರು ಸುತ್ತಿ ಬಂದು, ಬಗ್ಗಿ ಚಕ್ರ ನೋಡಿ, ಬೆನ್ನು ತಟ್ಟಿ, ಬೆಲೆ ಕೇಳಿ, ಕೊಳ್ಳದೆ ಹೋಗುತ್ತಿದ್ದರು.

ದಾರಿಯಲ್ಲಿ ಆಳೆತ್ತರದ, ಹಲವು ಆಳೆತ್ತರದ ಕಳ್ಳಿಗಳು ಕೈ ಎತ್ತಿ ನಿಂತಿದ್ದವು. ಮೊಮ್ಮಗ ಅದಕ್ಕೆ ‘ಸವಾರೋ’ ಎನ್ನಬೇಕೆಂದು ತಾತನಿಗೆ ಮೊದಲೇ ಉಚ್ಚಾರಣೆ ಕಲಿಸಿದ್ದ, “ಸವಾರ ಸರಿ, ಕುದುರೆ ಎಲ್ಲಿ?” ಎಂದು ಕೇಳಿ ತಾತ ಅವನಿಗೊಂದು ಕನ್ನಡ ಶಬ್ದ ಕಲಿಸಿದ್ದರು. ಆ ಕಳ್ಳಿಗೆ ಮೊದಲ ಕೈ ಮೂಡುವುದು ಐವತ್ತರಿಂದ ಎಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ. ಸರ್ಕಾರಿ ನೌಕರ ಅರವತ್ತಕ್ಕೆ ಕೈ ಕಟ್ಟಿ ಕೂರುತ್ತಾನೆ, ಈ ಕಳ್ಳಿ ಆ ವಯಸ್ಸಿಗೆ ಕೈ ಚಾಚುತ್ತದೆ ಎಂದು ಮೇಷ್ಟರು ತತ್ತ್ವ ಹೇಳುತ್ತ, ಒಂದು ಪೊದೆಯ ಮರೆಗೆ ಹೋದರು. ಅಲ್ಲಿದ್ದದ್ದು ಚೋಯಾ ಎಂಬ ಇನ್ನೊಂದು ಕಳ್ಳಿ. ತುಸು ಸೋಕಿದರೆ ಸಾಕು, ತುಂಡೇ ಕಳಚಿ ಮೈಗೆ ಅಂಟುತ್ತದೆ. ಅದು ಹಾರಿ ಬಂದು ಹಿಡಿಯುತ್ತದೆಂದೇ ಜನರ ನಂಬಿಕೆ. ಮೇಷ್ಟರ ಆಕ್ರಂದನ ಕೇಳಿ ರೈತ ಓಡಿಬಂದು, ಜೇಬಿನಿಂದ ಬಾಚಣಿಗೆ ತೆಗೆದು, ಮರುಭೂಮಿಯವರಿಗೆಲ್ಲ ತಿಳಿದಿರುವ ಉಪಾಯದಂತೆ ಆ ಮುಳ್ಳಿನ ಉಂಡೆಗಳನ್ನು ಒಂದೊಂದಾಗಿ ಬಾಚಿ ಎಸೆದ. ಎಲ್ಲಿಂದ ಎಂಬುದನ್ನು ಹುಣಸೂರಿಗೆ ತಿಳಿಸಕೂಡದೆಂದು ಮೇಷ್ಟರು ಹೆಂಡತಿಯಿಂದ ಭಾಷೆ ತೆಗೆದುಕೊಂಡರು. ಭಾಷೆ ಹುಣಸೂರು ತಲುಪುವವರೆಗೂ ಉಳಿಯಿತು.

ಆ ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡಿನಂಥ ಒಂದು ಗೋರಿಯಿದೆ. ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯ ಸಾಗಣೆಗೆಂದು ಒಂಟೆಗಳನ್ನು ತರಿಸಿದಾಗ, ಅವುಗಳ ಜೊತೆಗೆ ತುರ್ಕರ ಸಾಮ್ರಾಜ್ಯದಿಂದ ಬಂದ ಹಾಜಿ ಅಲಿ ಎಂಬಾತನದು ಅದು. ಅಲ್ಲಿಯವರ ನಾಲಿಗೆಯಲ್ಲಿ ಅವನ ಹೆಸರು ‘ಹೈ ಜಾಲಿ’ ಎಂದಾಯಿತು. ಒಂಟೆಗಳ ಪ್ರಯೋಗ ನಿಂತುಹೋಯಿತು, ಆತ ಹಿಂತಿರುಗಲಿಲ್ಲ. 1902ರಲ್ಲಿ ಅಲ್ಲಿಯೇ ತೀರಿಕೊಂಡ. 1935ರಲ್ಲಿ ಈ ಸ್ಮಾರಕ ಕಟ್ಟಿದರು. ಮೇಷ್ಟರು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, “ಹೆಸರೂ ಹೋಯಿತು, ಊರೂ ಹೋಯಿತು” ಎಂದಷ್ಟೇ ಹೇಳಿದರು. ಮಿಸ್ಟರ್ ಹುಣಸೂರು ಹಿಂದಿರುಗುವ ದಾರಿಯಲ್ಲಿ ಹೆಚ್ಚು ಮಾತಾಡಲಿಲ್ಲ.

ಫೆಬ್ರವರಿಯ ಒಂದು ಬುಧವಾರ ಸಂಜೆ ಆರೂವರೆಗೆ ಹುಣಸೂರಿನಿಂದ ಕರೆ ಬಂತು. ಅಲ್ಲಿ ಗುರುವಾರ ಬೆಳಿಗ್ಗೆ ಏಳು ಗಂಟೆ. ಲಕ್ಷ್ಮಣತೀರ್ಥ ಹೊಳೆಯ ಕಡೆಗೆ ಅರವತ್ತು ವರ್ಷ ಮೇಷ್ಟರ ಜೊತೆ ನಡೆದಿದ್ದ, ಹೊಗೆಸೊಪ್ಪು ಬೆಳೆಯುವ ಬಾಲ್ಯದ ಗೆಳೆಯ ಗುರುವಾರ ಬೆಳಗಿನ ಜಾವ ತೀರಿಕೊಂಡಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣು. ಚರವಾಣಿಯಲ್ಲಿ ತೋರಿಸಲೇ ಎಂದು ಗೆಳೆಯನ ಮಗ ಕೇಳಿದ. ಮೇಷ್ಟರು ಬೇಡವೆಂದರು. ಅನಂತರ ಗೋಡೆಯ ಕ್ಯಾಲೆಂಡರನ್ನು ನೋಡುತ್ತ, “ಅವನು ಹೋದದ್ದು ಗುರುವಾರ. ಇಲ್ಲಿ ಇನ್ನೂ ಬುಧವಾರ” ಎಂದರು. ನೂರಾರು ಹುಡುಗರಿಗೆ ಭೂಗೋಳದಲ್ಲಿ ರೇಖಾಂಶದ ಲೆಕ್ಕ ಕಲಿಸಿದವರು ಅವರು. ಆ ಲೆಕ್ಕದಲ್ಲಿ ಸತ್ತವನು ಬದುಕುವುದಿಲ್ಲವೆಂಬುದು ಅವರಿಗೆ ತಿಳಿಯದ್ದಲ್ಲ. ಆದರೂ ಎರಡು ಗಡಿಯಾರಗಳ ಮುಂದೆ ಕುಳಿತೇ ಇದ್ದರು. ಇಲ್ಲಿ ರಾತ್ರಿ ಹನ್ನೊಂದೂವರೆಯಾದಾಗ ಅಲ್ಲಿ ಮಣ್ಣಾಗುವ ಹೊತ್ತು. ಗುರುವಾರ ಬರುವುದಕ್ಕೆ ಇನ್ನೂ ಅರ್ಧ ಗಂಟೆ ಉಳಿದಿತ್ತು.

ಮಾರನೆಯ ದಿನ ಬೆಂಚಿನ ಮೇಲೆ ಕಾಣದ ಸ್ನೇಹಿತನನ್ನು ಹುಡುಕಿಕೊಂಡು ಮಿನ್ನೆಸೋಟದ ರೈತ ಮನೆಗೇ ಬಂದ. ವಿಷಯ ತಿಳಿದು, ಏನೂ ಹೇಳದೆ ಒಂದು ಗಂಟೆ ಪಕ್ಕದಲ್ಲಿ ಕುಳಿತ. ಮೇಷ್ಟ್ರಮ್ಮ ಇಬ್ಬರ ಮುಂದೆಯೂ ಕಾಫಿ ಇಟ್ಟರು. ಹೊರಡುವ ಮುನ್ನ ಆತ, ತನ್ನ ಹೆಂಡತಿ ಸತ್ತ ವರ್ಷ ಮಕ್ಕಳು ಮೂವರೂ ಊರಿನಲ್ಲೇ ಉಳಿಯೆಂದು ಬೇಡಿಕೊಂಡರೆಂದೂ, ಮೊಣಕಾಲಿನ ನೋವು ಕೇಳದೆ ತಾನು ಬಿಸಿಲಿಗೆ ಬಂದೆನೆಂದೂ, ಭಾನುವಾರ ಭಾನುವಾರ ಅವರು ಕರೆ ಮಾಡುವರೆಂದೂ ಹೇಳಿದ. “ನೀವೇಕೆ ಇಲ್ಲಿಗೆ ಬಂದಿರಿ? ನಿಮ್ಮ ಊರಿನಲ್ಲಿ ಹಿಮವೇ ಬೀಳುವುದಿಲ್ಲವಲ್ಲ?” ಎಂದು ಕೇಳಿದ. ಮೇಷ್ಟರು ಅಂಗಳದಲ್ಲಿ ಕಡ್ಡಿಯಿಂದ ಮಣ್ಣಿನ ಮೇಲೆ ‘ಸವಾರ’ ಎಂದು ಬರೆಯುತ್ತಿದ್ದ ಮೊಮ್ಮಗನ ಕಡೆಗೆ ಬೆರಳು ತೋರಿಸಿದರು. ಅವನು ಮಕ್ಕಳನ್ನು ಬಿಟ್ಟು ಬಿಸಿಲಿಗೆ ಬಂದವನು. ಇವರು ಬಿಸಿಲನ್ನು ಬಿಟ್ಟು ಮಕ್ಕಳಿಗೆ ಬಂದವರು. ಇಬ್ಬರೂ ತಮ್ಮ ಚಳಿಯನ್ನು ಕಾಯಿಸಿಕೊಳ್ಳಲೆಂದೇ ಹೊರಟವರು. ಯಾವ ಬೆಂಕಿಯ ಮುಂದೆ ಕುಳಿತರೂ ಬೆನ್ನಿನ ಕಡೆ ಚಳಿ ಉಳಿಯುತ್ತದೆಂಬುದನ್ನು ಮಾತ್ರ ಇಬ್ಬರೂ ಆ ದಿನ ಒಪ್ಪಿಕೊಂಡಂತಿತ್ತು.

ಮಾರ್ಚಿ ಮುಗಿಯುವ ಹೊತ್ತಿಗೆ ಮೋಟಾರು-ಮನೆಗಳು ಉತ್ತರಕ್ಕೆ ತಿರುಗಿದವು. 2024ರ ಯುಗಾದಿ ಏಪ್ರಿಲ್ 9ಕ್ಕೆ; ಅದಕ್ಕೆ ಮೊದಲೇ ಮೇಷ್ಟರು ದಂಪತಿಗಳು ಹುಣಸೂರು ಸೇರಿದರು. ಮೊದಲ ಸಂಜೆಯೇ ಮೇಷ್ಟರು ಹೊಳೆಯ ಕಡೆ ಒಬ್ಬರೇ ನಡೆದುಹೋಗಿ, ಗೆಳೆಯನ ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರು. ಮರುದಿನದಿಂದ ಬಂಧುಮಿತ್ರರು ಬಂದು ಅಮೆರಿಕದ ವೈಭವ ಕೇಳಿದರು. ಮೇಷ್ಟ್ರಮ್ಮ ಬಾಚಣಿಗೆಯ ಕಥೆ ಹೇಳಿದರು. ಮುಂದಿನ ಮಾಗಿಗೂ ಹೋಗುತ್ತೀರಾ ಎಂದು ಎಲ್ಲರದೂ ಒಂದೇ ಪ್ರಶ್ನೆ. ಮೇಷ್ಟರು ದೂರ, ವಯಸ್ಸು, ವಿಮಾನದ ದರ, ವಿಮೆಯ ಕಂತು ಎಂದು ಕಾರಣಗಳನ್ನು ಪಟ್ಟಿಮಾಡುತ್ತಿದ್ದಾಗ ಫೋನು ಮೊಳಗಿತು. ಅತ್ತ ಮೊಮ್ಮಗ, ಶಾಲೆಗೆ ಹೊರಡುವ ಮುಂಚೆ ತಾತನಿಗೆ ಹೊಸ ಶಬ್ದವೊಂದನ್ನು ಒಪ್ಪಿಸಬೇಕೆಂದು ಕಾದಿದ್ದ. ಅಲ್ಲೀಗ ಎಷ್ಟು ಹೊತ್ತೆಂದು ಮೇಷ್ಟರು ಲೆಕ್ಕಕ್ಕೆ ತೊಡಗಿದರು. ಮೇಷ್ಟ್ರಮ್ಮ ತಮ್ಮ ಕೈಗಡಿಯಾರವನ್ನು ನೋಡಿ, “ಅಷ್ಟೇನು ದೂರವಿಲ್ಲ ರೀ, ಮಾತಾಡಿ. ಅರ್ಧ ಗಂಟೆ ಹಿಂದೆ, ಅಷ್ಟೇ” ಎಂದರು.